ಮೊದಲ ಸಲ ಮೈ ಒರೆಸಿದ ದಿನ



ನರ್ಸಿಂಗ್ ಓದಲು ಹೋದ ಹುಡುಗಿ ಹಬ್ಬಕ್ಕೆ ಊರಿಗೆ ಬಂದರೆ ಮನೆಯವರು ಮೊದಲು ಕೇಳುವುದು ಒಂದೇ ಮಾತು. ‘ಇಂಜೆಕ್ಷನ್ ಮಾಡಾದು ಕಲ್ತಿಯೇನವ್ವಾ?’ ಆಕೆ ತಲೆಯಾಡಿಸುತ್ತಾಳೆ. ಮನೆಯವರಿಗೆ ಸಮಾಧಾನವಾಗುತ್ತದೆ.

ಆದರೆ ಇಂಜೆಕ್ಷನ್‌ಗಿಂತ ಮೊದಲು ಆಕೆ ಕಲಿತದ್ದು ಬೇರೆಯೇ ಇದೆ. ಹಾಸಿಗೆ ಹಿಡಿದವರ ಮೈ ಒರೆಸುವುದು. ಬಾಯಿ ಸ್ವಚ್ಛ ಮಾಡುವುದು. ಬೆಡ್‌ಪ್ಯಾನ್ ಇಡುವುದು, ತೆಗೆಯುವುದು. ಒದ್ದೆಯಾದ, ಹೊಲಸಾದ ಬಟ್ಟೆ ಬದಲಿಸುವುದು. ಇದರ ಬಗ್ಗೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆಕೆಯೂ ಹೇಳುವುದಿಲ್ಲ.

ಇವತ್ತಿನ ಮಾತು, ಹೀಗೆ ಹೇಳದೆ ಉಳಿದ ಕಲಿಕೆಯ ಬಗ್ಗೆ. ಪರರ ಮೈಯನ್ನು ಮೊದಲ ಸಲ ಮುಟ್ಟಿ ತೊಳೆಯುವಾಗ ಎಳೆಯ ಮನಸ್ಸು ಪಡುವ ಪಾಡಿನ ಬಗ್ಗೆ. ಆ ಪಾಡು ಆಕೆಯ ದೌರ್ಬಲ್ಯವಲ್ಲ. ಅದು ಪಾಠದ ಒಂದು ಭಾಗ. ಸೂಜಿ ಹಿಡಿಯುವುದನ್ನು ಕಲಿಸುವ ಹಾಗೆಯೇ ಅದನ್ನೂ ಪಕ್ಕದಲ್ಲಿ ನಿಂತು ಕಲಿಸಬೇಕು.

ಮೊದಲು, ಇದನ್ನು ಕಲಿಯುವವರು ಯಾರು?

ನರ್ಸಿಂಗ್ ಸೇರಲು 17 ವರ್ಷ ತುಂಬಿರಬೇಕು. ಎಎನ್‌ಎಂ ಕೋರ್ಸ್ ಎರಡು ವರ್ಷದ್ದು, ಜಿಎನ್‌ಎಂ ಮೂರು ವರ್ಷದ್ದು, ಬಿ.ಎಸ್‌ಸಿ. ನಾಲ್ಕು ವರ್ಷದ್ದು. ತರಬೇತಿಗೆ ರಾಯಚೂರು ನಗರದಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ 2007ರಲ್ಲಿ ಶುರುವಾಯಿತು. ಜನ ಇವತ್ತಿಗೂ ಓಪೆಕ್ ಎಂದೇ ಕರೆಯುವ ಆಸ್ಪತ್ರೆ ಇದೆ. ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಅತ್ತ ದೇವದುರ್ಗ, ಇತ್ತ ಮಾನ್ವಿ, ಎರಡರಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಎರಡೂ ನಗರದಿಂದ ಹೆಚ್ಚುಕಡಿಮೆ 50 ಕಿಲೋಮೀಟರ್ ದೂರ.

ಹಿಂದುಳಿದ ತಾಲ್ಲೂಕುಗಳ ಬಗ್ಗೆ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಅಲ್ಲಿಂದ ಇಂದಿಗೂ ಸಂಸಾರಗಳು ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತವೆ. ಮುಂದೆ ಸಂವಿಧಾನದ 371ಜೆ ವಿಧಿ ಬಂತು. ಈ ಭಾಗದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಅಪ್ಪ ಅವ್ವ ಇಟ್ಟಂಗಿ ಹೊರುವ ಮನೆಯ ಮಗಳಿಗೆ ನರ್ಸಿಂಗ್ ಒಂದು ಗಟ್ಟಿ ದಾರಿ. ಬಿಳಿಯ ಸಮವಸ್ತ್ರ, ತಿಂಗಳ ಸಂಬಳ, ಊರಲ್ಲಿ ಮರ್ಯಾದೆ. ಇಷ್ಟು ಆಸೆ ಹೊತ್ತು ಬಂದವಳ ಕೈಗೆ ಮೊದಲ ವರ್ಷವೇ ಬೆಡ್‌ಪ್ಯಾನ್ ಬರುತ್ತದೆ.

ಹುಡುಗರೂ ಓದುತ್ತಾರೆ. ಅವರ ಪಾಡು ಇನ್ನೊಂದು ತರಹದ್ದು. ಅದು ಮುಂದೆ ಬರುತ್ತದೆ.

ಕಲಿಯುವವರು ಯಾರೆಂದು ಗೊತ್ತಾಯಿತು. ಕಲಿಯುವುದು ಏನು, ಎಲ್ಲಿ?

ಮೊದಲು ಕಾಲೇಜಿನ ಪ್ರಾತ್ಯಕ್ಷಿಕೆ ಕೋಣೆಯಲ್ಲಿ. ಅಲ್ಲಿ ಮಂಚದ ಮೇಲೆ ರಬ್ಬರಿನ ಗೊಂಬೆ ಮಲಗಿರುತ್ತದೆ. ಟೀಚರ್ ಒಂದೊಂದೇ ಹಂತ ತೋರಿಸುತ್ತಾರೆ. ಏನು ಮಾಡುತ್ತೇವೆಂದು ರೋಗಿಗೆ ಹೇಳು. ಪರದೆ ಎಳೆ. ಫ್ಯಾನ್ ಕಡಿಮೆ ಮಾಡು. ನೀರಿನ ಬಿಸಿ ನೋಡು. ಮೊದಲು ಕಣ್ಣು, ಮೂಗಿನ ಕಡೆಯಿಂದ ಹೊರಕ್ಕೆ ಒರೆಸು, ಎರಡು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ತುದಿ. ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ಒರೆಸುವ ಭಾಗವನ್ನು ಮಾತ್ರ ತೆರೆ, ಉಳಿದದ್ದು ಹೊದಿಕೆಯ ಒಳಗೇ ಇರಲಿ. ಗುಪ್ತಾಂಗ ಕೊನೆಗೆ, ಹೊಸ ನೀರಿನಲ್ಲಿ. ಹೆಂಗಸರಿಗಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಮೂತ್ರದ ದಾರಿಗೆ ಸೋಂಕು ಹೋಗಬಾರದು.

ಇದಕ್ಕೆ ಬೆಡ್‌ಬಾತ್ ಎನ್ನುತ್ತಾರೆ. ವಿದ್ಯಾರ್ಥಿನಿ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಗೊಂಬೆಯ ಮೇಲೆ ತಪ್ಪಿಲ್ಲದೆ ಮಾಡಿ ತೋರಿಸುತ್ತಾಳೆ. ಆದರೆ ಗೊಂಬೆಗೆ ನಾಚಿಕೆ ಇಲ್ಲ, ವಾಸನೆ ಇಲ್ಲ. ಅದು ಮುಖ ತಿರುಗಿಸುವುದಿಲ್ಲ, ‘ಬ್ಯಾಡ ಬಿಡವ್ವಾ’ ಎನ್ನುವುದಿಲ್ಲ.

ಕೆಲವು ಕಾಲೇಜುಗಳಲ್ಲಿ ಗೆಳತಿಯರ ಮೇಲೆಯೇ ಅಭ್ಯಾಸ ಮಾಡಿಸುತ್ತಾರೆ. ಒಬ್ಬಳು ಮಲಗಬೇಕು, ಇನ್ನೊಬ್ಬಳು ಹಾಸಿಗೆ ಬದಲಿಸಬೇಕು, ಬಾಯಿ ಒರೆಸಬೇಕು, ಬೆನ್ನು ತಿಕ್ಕಬೇಕು. ಇದು ಬಹಳ ಒಳ್ಳೆಯ ಪಾಠ. ಮಲಗಿದವಳಿಗೆ ಗೊತ್ತಾಗುತ್ತದೆ: ಮೇಲೆ ನಾಲ್ಕು ಮುಖ ಬಾಗಿ ನೋಡುವಾಗ ಹೊದಿಕೆಯ ಅಂಚು ಎಷ್ಟು ದೊಡ್ಡ ಆಸರೆ ಎಂದು. ಹೇಳದೆ ಕೇಳದೆ ಪಕ್ಕಕ್ಕೆ ಹೊರಳಿಸಿದರೆ ಎದೆ ಹೇಗೆ ಝಲ್ಲೆನ್ನುತ್ತದೆ ಎಂದು.

ಆಮೇಲೆ ವಾರ್ಡ್.

ಬೇಸಿಗೆಯ ಒಂದು ಬೆಳಿಗ್ಗೆಯನ್ನು ಕಲ್ಪಿಸಿಕೊಳ್ಳಿ. ರಾಯಚೂರಿನ ಬೇಸಿಗೆ ನಿಮಗೆ ಹೊಸದಲ್ಲ, 40 ಡಿಗ್ರಿ ದಾಟುತ್ತದೆ. ಲಕ್ವ ಹೊಡೆದ ಒಬ್ಬ ಮುದುಕ ಮಲಗಿದ್ದಾನೆ. ಒಂದು ಕಡೆಯ ಕೈ, ಕಾಲು ಎತ್ತಲಾಗದು. ಮಾತು ತೊದಲು. ಬೆವರಿಗೆ ಬೆನ್ನು ಹಾಸಿಗೆಗೆ ಅಂಟಿದೆ. ಮಕ್ಕಳು ಗುಳೆ ಹೋಗಿದ್ದಾರೆ, ಜೊತೆಗೆ ಇರುವವಳು ಸೊಸೆ. ಈ ಮಾತು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಮನೆಯವರ ಮೇಲೆಯೇ ಬೀಳುತ್ತದೆ. ನರ್ಸ್‌ಗಳು ಕಡಿಮೆ, ಹಾಸಿಗೆಗಳು ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಯಾರನ್ನು ಯಾರು ಮುಟ್ಟಬಹುದು ಎನ್ನುವುದಕ್ಕೆ ಕಟ್ಟುಪಾಡುಗಳಿವೆ. ಮಾವನ ಮುಂದೆ ಸೆರಗು ಸರಿಮಾಡಿಕೊಂಡು ನಿಲ್ಲುವ ಸೊಸೆ ಅವನ ಧೋತರ ಬದಲಿಸಬೇಕು ಎಂದರೆ ಇಬ್ಬರಿಗೂ ಜೀವ ಹಿಡಿ ಆಗುತ್ತದೆ. ಎಷ್ಟೋ ಸಲ ಮುದುಕ ಹೊಲಸಾದರೂ ಹೇಳುವುದಿಲ್ಲ, ಹಾಗೆಯೇ ಮಲಗಿರುತ್ತಾನೆ. ನೀರು ಕುಡಿಯುವುದನ್ನೇ ಬಿಡುತ್ತಾನೆ, ಮೂತ್ರಕ್ಕೆ ಹೋಗುವುದು ತಪ್ಪಲಿ ಎಂದು.

ಅಲ್ಲಿಗೆ ಹದಿನೆಂಟರ ಹುಡುಗಿ ಬೋಗುಣಿಯಲ್ಲಿ ನೀರು ಹಿಡಿದು ಬರುತ್ತಾಳೆ. ಆಕೆ ಹಿಂದೆಂದೂ ತನ್ನ ಅಪ್ಪನ ಬೆನ್ನನ್ನೂ ಮುಟ್ಟಿ ನೋಡಿದವಳಲ್ಲ.

ಇಲ್ಲಿ ಇಬ್ಬರ ನಾಚಿಕೆ ಎದುರುಬದುರಾಗುತ್ತದೆ. ಮುದುಕನಿಗೆ ಮೊಮ್ಮಗಳ ವಯಸ್ಸಿನವಳ ಮುಂದೆ ಬೆತ್ತಲಾಗುವ ಸಂಕಟ. ಹುಡುಗಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯದ ಸಂಕಟ. ಕೈ ನಡುಗುತ್ತದೆ. ಬೇಗ ಮುಗಿದರೆ ಸಾಕು ಎನಿಸುತ್ತದೆ. ಬೇಗ ಮಾಡಹೋದರೆ ನೀರು ಚೆಲ್ಲುತ್ತದೆ, ಹೊದಿಕೆ ಜಾರುತ್ತದೆ. ಪಕ್ಕದ ಮಂಚದವರು ನೋಡುತ್ತಾರೆ. ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರುವುದಿಲ್ಲ. ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಾಳೆ. ಅವ್ವ ಫೋನ್ ಮಾಡಿದರೆ, ‘ಆರಾಮ ಅದೀನಿ’ ಎನ್ನುತ್ತಾಳೆ.

ಈ ಅನುಭವ ರಾಯಚೂರಿಗೆ ಮಾತ್ರ ಸೇರಿದ್ದಲ್ಲ. ಆಸ್ಟ್ರೇಲಿಯಾದಲ್ಲಿ ಜಾಸಲಿನ್ ಲಾಲರ್ ಎಂಬ ಸಂಶೋಧಕಿ ಸ್ವತಃ ನರ್ಸ್ ಆಗಿದ್ದವರು. ಅವರು ನರ್ಸ್‌ಗಳೊಂದಿಗೆ ಕೂತು ಈ ವಿಷಯವನ್ನೇ ವಿವರವಾಗಿ ಕೇಳಿದರು. 1991ರಲ್ಲಿ ಅದು ಪುಸ್ತಕವಾಗಿ ಬಂತು. ಪರದೆಯ ಹಿಂದೆ ನರ್ಸ್ ಮಾಡುವ ಕೆಲಸವನ್ನು ಸಮಾಜ ನೋಡಲು ಬಯಸುವುದಿಲ್ಲ, ಆದ್ದರಿಂದ ಅದರ ಬಗ್ಗೆ ಮಾತೂ ಇಲ್ಲ ಎಂದು ಅವರು ತೋರಿಸಿದರು. ಜೊತೆಗೆ ಇನ್ನೊಂದು ಸಂಗತಿಯನ್ನು ಗುರುತಿಸಿದರು. ಅನುಭವಿ ನರ್ಸ್‌ಗಳು ಸಣ್ಣ ಸಣ್ಣ ಮಾತುಗಳಿಂದ ಆ ಗಳಿಗೆಯ ಭಾರವನ್ನು ಇಳಿಸುತ್ತಾರೆ. ದೊಡ್ಡ ಸಂಗತಿಯನ್ನು ಚಿಕ್ಕದಾಗಿಸಿ ಆಡುತ್ತಾರೆ. ಸಮವಸ್ತ್ರ, ನೇರವಾದ ದನಿ, ಇದು ದಿನದ ಕೆಲಸ ಎನ್ನುವ ರೀತಿ, ಇವೆಲ್ಲ ಅವರ ಸಾಧನಗಳು.

ನಮ್ಮ ಕಡೆಯ ಹಿರಿಯ ಸಿಸ್ಟರ್‌ಗಳಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ‘ಆತು ಮುತ್ಯಾ, ಇಷ್ಟ ಆತು ನೋಡು.’ ‘ತಾತಾ, ಹಿಂಗ ಒಂದೀಟು ಹೊಳ್ಳು.’ ‘ಏನಾಗಂಗಿಲ್ಲ ಯವ್ವಾ, ನಾನೂ ನಿನ್ನ ಮಗಳ ಹಂಗ ಅಲ್ಲೇನು?’ ಸಂಬಂಧದ ಒಂದು ಹೆಸರು ಬಾಯಿಗೆ ಬಂದ ಕೂಡಲೇ ಕೈಯ ನಡುಕ ಅರ್ಧ ಇಳಿಯುತ್ತದೆ. ಅತ್ತ ಕಡೆಯಿಂದಲೂ ‘ಸಿಸ್ಟರವ್ವಾ’, ‘ತಂಗೆವ್ವಾ’ ಎಂಬ ಉತ್ತರ ಬರುತ್ತದೆ. ವಿಚಿತ್ರವೆಂದರೆ ಸೊಸೆಗೆ ಆಗದ್ದು ಹೊರಗಿನ ಈ ಮೊಮ್ಮಗಳಿಗೆ ಆಗುತ್ತದೆ. ಸಮವಸ್ತ್ರ ಆಕೆಯನ್ನು ಮನೆಯ ಕಟ್ಟುಪಾಡಿನಿಂದ ಹೊರಗೆ ನಿಲ್ಲಿಸಿದೆ, ಕರೆಯುವ ಹೆಸರು ಮನೆಯೊಳಗೆ ತಂದಿದೆ. ಎರಡೂ ಒಟ್ಟಿಗೆ ಬೇಕು.

ಆದರೆ ಎಲ್ಲ ರೋಗಿಗಳೂ ಮುತ್ಯಾಗಳಲ್ಲ. ಅಪಘಾತವಾಗಿ ಮಲಗಿದ ಇಪ್ಪತ್ತೈದರ ಯುವಕನೂ ಇರುತ್ತಾನೆ. ಅಲ್ಲಿ ಹುಡುಗಿಗೆ ನಾಚಿಕೆಯ ಜೊತೆ ಅಂಜಿಕೆಯೂ ಸೇರುತ್ತದೆ. ಒಮ್ಮೊಮ್ಮೆ ಕೆಟ್ಟ ಮಾತು, ಕೆಟ್ಟ ನೋಟ ಎದುರಾಗುತ್ತದೆ. ಇದನ್ನು ಸಹಿಸುವುದೂ ಸೇವೆಯ ಭಾಗ ಎಂದು ಆಕೆಗೆ ಯಾರೂ ಹೇಳಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳನ್ನೂ ಒಳಗೊಂಡಿದೆ. ದೂರು ಕೇಳುವ ಸಮಿತಿ ಇರಲೇಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಮೊದಲ ದಿನವೇ ವಿದ್ಯಾರ್ಥಿನಿಗೆ ಗೊತ್ತಿರಬೇಕು.

ಹುಡುಗರ ಪಾಡು ಇದಕ್ಕೆ ವಿರುದ್ಧ. ಹೆಂಗಸರ ವಾರ್ಡಿನ ಬಾಗಿಲಲ್ಲೇ ಅವರ ಕಾಲು ನಿಲ್ಲುತ್ತದೆ. ಹೆರಿಗೆ ಕೋಣೆಯಲ್ಲಂತೂ ಇನ್ನೂ ಕಷ್ಟ. ಹೆರಿಗೆಗೆ ಬಂದವಳು ಬೇಡವೆಂದರೆ ಅದು ಆಕೆಯ ಹಕ್ಕು. ಆದರೆ ಬೇಡವೆನಿಸಿಕೊಂಡ ಹುಡುಗ ಗೋಡೆ ಹಿಡಿದು ನಿಲ್ಲುತ್ತಾನೆ. ತಾನು ಮಾಡಬಾರದ್ದನ್ನು ಮಾಡಲು ಬಂದಿದ್ದೇನೆ ಎಂಬ ಭಾವ ಅವನನ್ನು ಕಾಡುತ್ತದೆ. ಅವನಿಗೂ ಯಾರಾದರೂ ಒಂದು ಮಾತು ಹೇಳಬೇಕು. ಅಪ್ಪಣೆ ಕೇಳುವುದು ಹೇಗೆ, ಜೊತೆಗೆ ಮಹಿಳಾ ಸಿಬ್ಬಂದಿಯನ್ನು ಇಟ್ಟುಕೊಳ್ಳುವುದು ಹೇಗೆ, ಬೇಡ ಅಂದಾಗ ನೋವಿಲ್ಲದೆ ಹಿಂದೆ ಸರಿಯುವುದು ಹೇಗೆ ಎಂದು.

ಇಲ್ಲಿಯವರೆಗೆ ನಾಚಿಕೆಯ ಮಾತಾಯಿತು. ಹೇಸಿಗೆಯ ಮಾತು ಇದಕ್ಕಿಂತ ಕಷ್ಟ.

ವಾಸನೆಗೆ ಹೊಟ್ಟೆ ತೊಳಸುವುದು ದೇಹದ ಗುಣ. ಅದು ಯಾರ ತಪ್ಪೂ ಅಲ್ಲ. ಕೆಲವರು ಮಾಸ್ಕಿನ ಒಳಗೆ ಒಂದಿಷ್ಟು ವಿಕ್ಸ್ ಸವರಿಕೊಳ್ಳುತ್ತಾರೆ. ಕೆಲವರು ಬಾಯಿಂದ ಉಸಿರಾಡುತ್ತಾರೆ. ಸ್ವಲ್ಪ ದಿನದಲ್ಲಿ ಮೂಗು ಹೊಂದಿಕೊಳ್ಳುತ್ತದೆ. ಆದರೆ ನಿಜವಾದ ಬದಲಾವಣೆ ಮೂಗಿನಲ್ಲಿ ಆಗುವುದಿಲ್ಲ, ತಿಳಿವಳಿಕೆಯಲ್ಲಿ ಆಗುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಇದ್ದರೆ ಹೊಟ್ಟೆಯೊಳಗೆ ರಕ್ತ ಒಸರುತ್ತಿರಬಹುದು. ಮೂತ್ರ ಗಾಢ ಬಣ್ಣಕ್ಕೆ ತಿರುಗಿ ಕಡಿಮೆಯಾದರೆ ಮೈಗೆ ನೀರು ಸಾಲದಿರಬಹುದು. ಟೊಂಕದ ಕೆಳಗೆ, ಹಿಮ್ಮಡಿಯ ಮೇಲೆ ಕೆಂಪು ಕಂಡು, ಬೆರಳಿನಿಂದ ಒತ್ತಿದರೂ ಅದು ಮಾಯವಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ. ಇವೆಲ್ಲ ಕಾಣುವುದು ಮೈ ಒರೆಸುವವಳ ಕಣ್ಣಿಗೆ. ಡಾಕ್ಟರ್ ಬರುವುದಕ್ಕೆ ಮೊದಲೇ. ತಾನು ನೋಡಿ ಹೇಳಿದ್ದರಿಂದ ಚಿಕಿತ್ಸೆ ಬದಲಾಯಿತು ಎಂದು ಒಮ್ಮೆ ಗೊತ್ತಾದ ವಿದ್ಯಾರ್ಥಿನಿ ಮರುದಿನ ಅದೇ ಬೆಡ್‌ಪ್ಯಾನ್ ಎತ್ತುವ ರೀತಿಯೇ ಬೇರೆ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ. ದೇವದುರ್ಗ, ಮಾನ್ವಿ ಕಡೆ ಹತ್ತಿ ಇದೆ, ಮೆಣಸಿನಕಾಯಿ ಇದೆ, ಕಾಲುವೆ ನೀರಿನ ಭತ್ತ ಇದೆ. ಹೊಲಕ್ಕೆ ಎಣ್ಣಿ ಹೊಡೆಯುವುದು ಎಂದರೆ ಕೀಟನಾಶಕ ಸಿಂಪಡಿಸುವುದು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಮಾಸ್ಕು, ಕೈಗವಸು ಇಲ್ಲದೆ ಹೊಡೆದವರು, ಬೇಸರಕ್ಕೆ ಅದನ್ನೇ ಕುಡಿದವರು ಆಸ್ಪತ್ರೆಗೆ ಬರುತ್ತಾರೆ. ಕೆಲವು ಬಗೆಯ ವಿಷದಲ್ಲಿ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು ಸುರಿಯುತ್ತದೆ, ಮಲ ಮೂತ್ರ ಹಿಡಿತ ತಪ್ಪುತ್ತದೆ. ಅಂಥ ರೋಗಿಗೆ ಇಂಜೆಕ್ಷನ್ ಎಷ್ಟು ಮುಖ್ಯವೋ, ಬಟ್ಟೆ ಪೂರ್ತಿ ತೆಗೆದು ಸೋಪು ನೀರಿನಲ್ಲಿ ಮೈ, ತಲೆಕೂದಲು ತೊಳೆಯುವುದೂ ಅಷ್ಟೇ ಮುಖ್ಯ. ವಿಷ ಚರ್ಮದಿಂದಲೂ ಒಳಗೆ ಇಳಿಯುತ್ತಿರುತ್ತದೆ. ತೊಳೆಯುವವರು ಕೈಗವಸು, ಏಪ್ರನ್ ಹಾಕಿಕೊಳ್ಳಲೇಬೇಕು. ಇಲ್ಲಿ ಮೈ ತೊಳೆಯುವುದೇ ಔಷಧ. ಇದನ್ನು ಕಣ್ಣಾರೆ ಕಂಡ ಹುಡುಗಿ ಆಮೇಲೆ ‘ಇದು ನರ್ಸ್ ಕೆಲಸವಲ್ಲ’ ಎಂದು ಹೇಳುವುದು ಕಷ್ಟ.

ಹಾಗಾದರೆ ಅದು ನರ್ಸ್ ಕೆಲಸವಲ್ಲ ಎಂಬ ಮಾತು ಬಂದದ್ದು ಎಲ್ಲಿಂದ? ಇಲ್ಲಿ ಜಾತಿಯ ಮಾತು ಎತ್ತದೆ ವಿಧಿಯಿಲ್ಲ.

ಮಲ ಬಾಚುವ ಕೆಲಸವನ್ನು ನಮ್ಮ ಸಮಾಜ ಶತಮಾನಗಳ ಕಾಲ ಕೆಲವೇ ಜಾತಿಗಳ ತಲೆಯ ಮೇಲೆ ಹೊರಿಸಿತು. ಆ ಗಾಯ ವಾರ್ಡಿನ ಬಾಗಿಲಲ್ಲಿ ಹೊರಗೆ ನಿಲ್ಲುವುದಿಲ್ಲ. ಮೇಲು ಎನಿಸಿಕೊಂಡ ಮನೆಯ ಹುಡುಗಿಗೆ ‘ಇದು ನಮ್ಮಂಥವರು ಮುಟ್ಟುವುದಲ್ಲ’ ಎಂದು ಕಲಿಸಿದ ಮೈಲಿಗೆಯ ಮಾತು ನೆನಪಾಗುತ್ತದೆ. ದಲಿತ ಮನೆಯ ಹುಡುಗಿಗೆ ಬೇರೆ ನೋವು. ಯಾವ ಕೆಲಸದಿಂದ ಬಿಡಿಸಲೆಂದು ಅಪ್ಪ ಅವ್ವ ಸಾಲ ಮಾಡಿ ಓದಿಸಿದರೋ ಅದೇ ಕೆಲಸ ಬೇರೆ ಹೆಸರಿನಲ್ಲಿ ಕೈಗೆ ಬಂತಲ್ಲ ಎಂದು. ಒಂದೇ ಬೆಡ್‌ಪ್ಯಾನ್ ಇಬ್ಬರ ಕೈಯಲ್ಲಿ ಒಂದೇ ತೂಕ ಇರುವುದಿಲ್ಲ. ಪಾಠ ಮಾಡುವವರು ಇದನ್ನು ಬಲ್ಲವರಾಗಿರಬೇಕು. ಯಾರು ಯಾವ ಕೆಲಸಕ್ಕೆ ಎಂದು ಹಂಚುವಾಗ ಅವರ ಕಣ್ಣು ಎಚ್ಚರವಿರಬೇಕು.

ಇದು ಇವತ್ತಿನ ಸಮಸ್ಯೆಯಷ್ಟೇ ಅಲ್ಲ. ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶಕ್ಕೆ ಇದ್ದದ್ದು ಸುಮಾರು 7 ಸಾವಿರ ನರ್ಸ್‌ಗಳು. ಅಂದರೆ 40 ಸಾವಿರಕ್ಕೂ ಹೆಚ್ಚು ಜನಕ್ಕೆ ಒಬ್ಬರು. ಪರಪುರುಷರ ಮೈ ಮುಟ್ಟುವುದು, ಮಲಮೂತ್ರ ಎತ್ತುವುದು ಎಂಬ ಎರಡು ಕಾರಣಕ್ಕೆ ಎಷ್ಟೋ ಮನೆಗಳು ಹೆಣ್ಣುಮಕ್ಕಳನ್ನು ಈ ಕಡೆ ಬಿಡಲೇ ಇಲ್ಲ. ದಶಕಗಳ ಕಾಲ ಈ ಭಾರ ಹೊತ್ತವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಬಹಳ. ಅವರ ಋಣವನ್ನು ನಾವು ಸಾಕಷ್ಟು ನೆನೆದಿಲ್ಲ.

ಕೋಲ್ಕತ್ತದ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದ ಪಾಂಚಾಲಿ ರಾಯ್ ಇನ್ನೊಂದು ಮಗ್ಗಲನ್ನು ತೋರಿಸಿದ್ದಾರೆ. ಓದಿದ ನರ್ಸ್ ತನ್ನ ಮರ್ಯಾದೆ ಉಳಿಸಿಕೊಳ್ಳಲು ಮೈ ತೊಳೆಯುವ ಕೆಲಸವನ್ನು ಆಯಾಗಳ ಕಡೆ ದಾಟಿಸುತ್ತಾಳೆ. ಔಷಧ, ದಾಖಲೆ ಪುಸ್ತಕ ತನ್ನದು, ಬೆಡ್‌ಪ್ಯಾನ್ ಆಯಾಳದ್ದು. ಇದು ಬಹಳ ಕಡೆ ನಡೆಯುವ ಮಾತು. ಪರಿಣಾಮ ಏನು? ಮೊದಲ ವರ್ಷದ ವಿದ್ಯಾರ್ಥಿನಿ ಬೆಡ್‌ಬಾತ್ ಕಲಿಯುತ್ತಾಳೆ, ಪರೀಕ್ಷೆಯಲ್ಲಿ ಮಾಡಿ ತೋರಿಸುತ್ತಾಳೆ. ಹಿರಿಯರು ಅದನ್ನು ಮಾಡದೆ ಇರುವುದನ್ನೂ ನೋಡುತ್ತಾಳೆ. ದೊಡ್ಡವಳಾದರೆ ಇದರಿಂದ ಬಿಡುಗಡೆ ಎಂಬ ಪಾಠ ಆಕೆಗೆ ಯಾರೂ ಹೇಳದೆ ಸಿಗುತ್ತದೆ. ಆದರೆ ಈ ವೃತ್ತಿಯನ್ನು ಕಟ್ಟಿದವರು ಬೇರೆ ತರಹ ಯೋಚಿಸಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ಮೈಯ ಶುಚಿತ್ವಕ್ಕೆಂದೇ ಒಂದು ಅಧ್ಯಾಯ ಇಟ್ಟರು. ನರ್ಸಿಂಗ್ ಎಂದರೇನು ಎಂದು 14 ಅಂಶಗಳಲ್ಲಿ ಹೇಳಿದ ವರ್ಜೀನಿಯಾ ಹೆಂಡರ್ಸನ್ ಉಣಿಸುವುದು, ಮಲಮೂತ್ರಕ್ಕೆ ನೆರವಾಗುವುದು, ಮೈ ಸ್ವಚ್ಛ ಇಡುವುದನ್ನು ಅವುಗಳೊಳಗೇ ಸೇರಿಸಿದರು.

ನಾಚಿಕೆ ಆಯಿತು, ಹೇಸಿಗೆ ಆಯಿತು. ಅಂಜಿಕೆಯ ಬಗ್ಗೆ ಒಂದೆರಡು ಮಾತು.

ನೋವು ಕೊಡುತ್ತೇನೆ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಹೊರಳಿಸುವಾಗ ಪೈಪು ಕಿತ್ತು ಬಂದರೆ? ಮುದುಕಿಯ ಚರ್ಮ ಸುಲಿದರೆ? ಇದು ಅಭ್ಯಾಸದಿಂದ ಕಡಿಮೆಯಾಗುತ್ತದೆ. ಕಡಿಮೆಯಾಗದ್ದು ಇನ್ನೊಂದು. ನಾಲ್ಕು ದಿನ ಮೈ ಒರೆಸಿ, ತಲೆ ಬಾಚಿ, ಹೆಸರು ಹಿಡಿದು ಕರೆದ ಅಜ್ಜಿ ಐದನೆಯ ದಿನ ಇರುವುದಿಲ್ಲ. ಮುಟ್ಟಿ ಆರೈಕೆ ಮಾಡಿದವರ ಸಾವು, ದೂರದಿಂದ ನೋಡಿದವರ ಸಾವಿನ ಹಾಗಲ್ಲ.

ಲಂಡನ್ನಿನ ಒಂದು ಬೋಧಕ ಆಸ್ಪತ್ರೆಯಲ್ಲಿ ಇಸಾಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಈ ಸಂಕಟವನ್ನು ಅಧ್ಯಯನ ಮಾಡಿದರು. 1960ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಸುಮಾರು ಮೂರರಲ್ಲಿ ಒಬ್ಬ ವಿದ್ಯಾರ್ಥಿನಿ ತರಬೇತಿ ಮುಗಿಸುತ್ತಿರಲಿಲ್ಲ. ಮನಸ್ಸಿನ ಬಾಧೆ ತಟ್ಟದಿರಲಿ ಎಂದು ಆಸ್ಪತ್ರೆ ತನಗೆ ತಿಳಿಯದೆಯೇ ಗೋಡೆಗಳನ್ನು ಕಟ್ಟಿಕೊಂಡಿತ್ತು. ರೋಗಿಗೆ ಹೆಸರಿಲ್ಲ, 10ನೇ ಮಂಚದ ಲಿವರ್ ಎಂಬ ಗುರುತು ಮಾತ್ರ. ಒಬ್ಬ ರೋಗಿಯನ್ನು ಪೂರ್ತಿಯಾಗಿ ಯಾರೂ ನೋಡಿಕೊಳ್ಳುವುದಿಲ್ಲ, ಕೆಲಸಗಳ ಪಟ್ಟಿ ಹಂಚಿಕೆಯಾಗುತ್ತದೆ. ಭಾವನೆ ತೋರಿಸಿದರೆ ಶಿಸ್ತಿಲ್ಲ ಎಂಬ ಮಾತು. ಆದರೆ ಈ ಗೋಡೆಗಳು ಬಾಧೆಯನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದವು. ‘ಮೂರನೇ ಬೆಡ್ಡಿಗೆ ಬಾತ್ ಆತೇನು?’ ಎಂಬ ಕೂಗು ನಮ್ಮ ವಾರ್ಡುಗಳಲ್ಲೂ ಕೇಳುತ್ತದೆ. ಕೆಲಸದ ಅವಸರಕ್ಕೆ ಅದು ಬೇಕಾಗಬಹುದು. ಕಲಿಯುವವಳ ಕಿವಿಗೆ ಮಾತ್ರ ಅದು ಬೇರೊಂದು ಪಾಠವಾಗಿ ಇಳಿಯುತ್ತದೆ.

ಸಂಕಟದ ಮಾತೇ ಆಯಿತು. ಈಗ ಒಂದು ನಿಜವಾದ ಘಟನೆ. ಇದು ಕನ್ನಡನಾಡಿನ ಮಗಳದ್ದು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ನರ್ಸ್ ಆಗಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ, ಅಲ್ಲಿನ ನೌಕರನೊಬ್ಬ ಅವರ ಮೇಲೆ ಅಮಾನುಷ ಹಲ್ಲೆ ನಡೆಸಿದ. ಮಿದುಳಿಗೆ ಆದ ಹಾನಿಯಿಂದ ಅವರು ಮತ್ತೆ ಎದ್ದೇಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ಮಂಚದ ಮೇಲಿದ್ದರು.

ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಒಂದು ತಲೆಮಾರು ನಿವೃತ್ತಿಯಾಯಿತು, ಇನ್ನೊಂದು ಬಂತು. ಉಣಿಸಿದರು, ಮೈ ಒರೆಸಿದರು, ಹೊರಳಿಸಿ ಮಲಗಿಸಿದರು. ಅರುಣಾರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟು ವರ್ಷದಲ್ಲಿ ಒಂದೂ ಹಾಸಿಗೆ ಹುಣ್ಣಾಗಿಲ್ಲ ಎಂಬ ಸಂಗತಿ ಅಲ್ಲಿ ಎಲ್ಲರ ಗಮನ ಸೆಳೆಯಿತು. 2011ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ ಆ ನರ್ಸ್‌ಗಳ ಸೇವೆಯನ್ನು ಮನಸಾರೆ ಹೊಗಳಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮುಂದಿನ ಮಾತು. ಆ ಆಸ್ಪತ್ರೆಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳ ಪ್ರತಿ ಹೊಸ ತಂಡಕ್ಕೂ ಅರುಣಾರನ್ನು ಪರಿಚಯಿಸುತ್ತಿದ್ದರು. ಇವರು ನಮ್ಮವರೇ ಎಂದು ಹೇಳುತ್ತಿದ್ದರು.

ಯೋಚಿಸಿ ನೋಡಿ. ಹಾಸಿಗೆ ಹುಣ್ಣು ಆಗದಿರಲು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಸಾಮಾನ್ಯ ನಿಯಮ. ಚರ್ಮ ಒಣಗಿರಬೇಕು, ಹಾಸಿಗೆ ಸುಕ್ಕಿಲ್ಲದೆ ಇರಬೇಕು. ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ 42 ವರ್ಷ. ಧನ್ಯವಾದ ಹೇಳಲೂ ಆಗದ ರೋಗಿಗೆ. ಆ ಹೆಣ್ಣುಮಕ್ಕಳಿಗೂ ಮೊದಲ ದಿನ ಕೈ ನಡುಗಿರಲೇಬೇಕು. ಅವರಿಗೆ ಸಿಕ್ಕಿದ್ದು ಏನೆಂದರೆ, ರೋಗಿಯ ಹೆಸರು ಹೇಳಿ, ಕಥೆ ಹೇಳಿ, ಕೈ ಹಿಡಿದು ಮಂಚದ ಬಳಿಗೆ ಕರೆದೊಯ್ಯುವ ಹಿರಿಯರು.

ಅಂದರೆ ಮಾತು ಕಲಿಸುವವರ ಕಡೆಗೆ ಬಂತು. ಇಂಗ್ಲೆಂಡಿನ ಪ್ಯಾಮ್ ಸ್ಮಿತ್ 1992ರಲ್ಲಿ ವಿದ್ಯಾರ್ಥಿ ನರ್ಸ್‌ಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಕಂಡುಕೊಂಡರು. ವಾರ್ಡಿನ ಹಿರಿಯ ಸಿಸ್ಟರ್ ಹೇಗೋ ಕಲಿಯುವವರೂ ಹಾಗೆ. ಅವರು ರೋಗಿಯ ಪಕ್ಕ ಕೂತು ಮಾತಾಡಿದರೆ ವಿದ್ಯಾರ್ಥಿಗಳೂ ಮಾತಾಡುತ್ತಾರೆ. ವಿದ್ಯಾರ್ಥಿ ಅತ್ತಾಗ ಅವರು ಗದರಿದರೆ ಆಕೆ ಮುಂದೆ ಅಳುವುದನ್ನೂ ಬಿಡುತ್ತಾಳೆ, ಕನಿಕರವನ್ನೂ ಬಿಡುತ್ತಾಳೆ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಮೊದಲ ಬೆಡ್‌ಬಾತ್‌ಗೆ ವಿದ್ಯಾರ್ಥಿನಿಯನ್ನು ಒಬ್ಬಳೇ ಕಳಿಸಬಾರದು. ಟೀಚರ್ ಮೊದಲು ತಾವೇ ಮಾಡಿ ತೋರಿಸಬೇಕು, ಗೊಂಬೆಯ ಮೇಲಲ್ಲ, ರೋಗಿಯ ಮೇಲೆ. ಪರದೆ ಇಲ್ಲದ ವಾರ್ಡಿನಲ್ಲಿ ಎರಡು ಸೀರೆಯನ್ನಾದರೂ ಕಟ್ಟಿಸಬೇಕು. ಆ ದಿನ ಸಂಜೆ ಅರ್ಧ ತಾಸು ಎಲ್ಲರನ್ನೂ ಕೂರಿಸಿ ಏನನ್ನಿಸಿತು ಎಂದು ಕೇಳಬೇಕು. ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ, ಅವರವರ ಬಾಯಿಗೆ ಬರುವ ಮಾತಿನಲ್ಲಿ ಹೇಳಲು ಬಿಡಬೇಕು. ಪಾಠ ಇಂಗ್ಲಿಷಿನಲ್ಲಿ ಇರಲಿ, ಸಂಕಟ ಇಂಗ್ಲಿಷಿನಲ್ಲಿ ಬರುವುದಿಲ್ಲ. ‘ನನಗೂ ಮೊದಲ ದಿನ ವಾಂತಿ ಬಂದಿತ್ತು’ ಎಂದು ಟೀಚರ್ ಒಮ್ಮೆ ಹೇಳಿದರೆ ಆ ಕೋಣೆಯಲ್ಲಿ ಹತ್ತು ಹುಡುಗಿಯರು ಉಸಿರು ಬಿಡುತ್ತಾರೆ.

ಕೇಳುಗರೇ, ನಿಮ್ಮ ಪಾತ್ರವೂ ಇದೆ. ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ ವಿದ್ಯಾರ್ಥಿನಿ ಬಂದರೆ ‘ಕಲಿಯಾಕ ಬಂದಾರ, ನಮ್ಮ ಮ್ಯಾಲೆ ಯಾಕ?’ ಎಂದು ಅಟ್ಟಬೇಡಿ. ಪಕ್ಕದಲ್ಲಿ ಟೀಚರ್ ಇದ್ದಾರೆಯೇ ಎಂದು ಕೇಳಿ. ಅದು ನಿಮ್ಮ ಹಕ್ಕು. ಇದ್ದರೆ ಜಾಗ ಕೊಡಿ. ಪರದೆ ಎಳೆದಾಗ ಇಣುಕುವವರನ್ನು ದೂರ ಕಳಿಸಿ. ಬೇಡವೆನಿಸಿದರೆ ಮೆಲ್ಲಗೆ ಬೇಡವೆನ್ನಿ.

ಇನ್ನು, ಪಿಯುಸಿ ಮುಗಿಸಿದ ಮಗ ಮಗಳನ್ನು ಈ ಓದಿಗೆ ಕಳಿಸಲು ರಾಯಚೂರಿನ ಕಾಲೇಜುಗಳ ಬಾಗಿಲಿಗೆ ಬರುವ ತಂದೆತಾಯಿಗಳಿಗೆ. ಫೀಸು ಕೇಳುತ್ತೀರಿ, ಹಾಸ್ಟೆಲ್ ಕೇಳುತ್ತೀರಿ, ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ಕೇಳುತ್ತೀರಿ. ಕೇಳಲೇಬೇಕು. ಇನ್ನೂ ಕೆಲವನ್ನು ಸೇರಿಸಿ ಕೇಳಿ. ಮೊದಲ ಸಲ ರೋಗಿಯ ಮೈ ಮುಟ್ಟುವಾಗ ನಮ್ಮ ಮಗುವಿನ ಪಕ್ಕ ಯಾರು ನಿಲ್ಲುತ್ತಾರೆ? ದೇವದುರ್ಗ, ಮಾನ್ವಿ ಆಸ್ಪತ್ರೆಗಳಿಗೆ ತರಬೇತಿಗೆ ಕಳಿಸಿದರೆ ಜೊತೆಗೆ ಟೀಚರ್ ಹೋಗುತ್ತಾರೆಯೇ? ಅಲ್ಲಿ ಬಟ್ಟೆ ಬದಲಿಸಲು, ಕೈ ತೊಳೆಯಲು ಜಾಗ ಇದೆಯೇ? ಕೈಗವಸು ಕಾಲೇಜು ಕೊಡುತ್ತದೆಯೋ, ನಾವು ತಂದುಕೊಡಬೇಕೋ? ದೂರು ಹೇಳಬೇಕಾದರೆ ಯಾರ ಬಳಿ ಹೋಗಬೇಕು? ಉತ್ತರವನ್ನು ಮಗುವಿನ ಎದುರಿಗೇ ಕೇಳಿಸಿಕೊಳ್ಳಿ.